ಮಲ್ಲಿಗಿಯ ಕೌದಿ, ದಿವಾನರ ಗಂಟು

ಮೊದಲು ಒಂದು ಒಗಟು. ಬಿಡಿಸಿದವರಿಗೆ ನನ್ನ ಪಾಲಿನ ಉಂಡಿ.

ಒಬ್ಬಳು ಕೂತರೆ ಮೆಲ್ಲಗೆ ಬೆಳೆಯುತ್ತೆ. ನಾಲ್ವರು ಕೂತರೆ ಬೇಗ ಬೆಳೆಯುತ್ತೆ. ನಲವತ್ತು ಮಂದಿ ಕೂತರೆ ಬೆಳೆಯೋದೇ ನಿಂತುಹೋಗುತ್ತೆ. ಏನದು?

ಬಳ್ಳಿ ಅನ್ನಬೇಡಿ. ರೊಟ್ಟಿಯ ಅಟ್ಟಿ ಅನ್ನಬೇಡಿ. ಜಗಳ ಅಂತೀರಾ? ನಲವತ್ತು ಮಂದಿ ಕೂತ ಕಡೆ ಜಗಳ ನಿಂತಿದ್ದನ್ನು ಯಾರಾದರೂ ನೋಡಿದ್ದೀರಾ? ಇಲ್ಲ ತಾನೆ. ಈಗಿನ ಕಾಲದ ದೊಡ್ಡ ದೊಡ್ಡ ಕಂಪ್ಯೂಟರ್ ಕಟ್ಟುವವರೂ ಈ ಒಗಟಿನ ಮುಂದೆ ಕೂತು ತಲೆ ಕೆರೆದುಕೊಂಡಿದ್ದಾರಂತೆ. ಉಂಡಿ ನನ್ನ ಹತ್ತಿರವೇ ಇರಲಿ. ನೀವು ಕಥೆ ಕೇಳಿ.

ಕುದುರಿಬಾವಿ ಅಂತ ಒಂದು ರಾಜ್ಯ. ಅಲ್ಲಿ ಬಾವಿ ಇತ್ತು, ಕುದುರೆ ಇರಲಿಲ್ಲ. ಇದ್ದದ್ದು ಒಂದು ಆನೆ. ಬಣ್ಣ ನೋಡಿದರೆ ಬಾಣಲೆಯ ತಳ, ಹೆಸರು ಮಾತ್ರ ಮಲ್ಲಿಗಿ. ರಾಜ ಬೊಮ್ಮರಸ ತಾಯಿಯಿಲ್ಲದ ಕೂಸಾಗಿದ್ದಾಗ ಅವನನ್ನು ಸೊಂಡಿಲಲ್ಲಿ ಎತ್ತಿ ಆಡಿಸಿದ್ದು ಅದೇ. ಅವನು ಅತ್ತರೆ ಕಿವಿ ಬೀಸಿ ಗಾಳಿ ಹಾಕಿದ್ದೂ ಅದೇ.

ಈಗ ಮಲ್ಲಿಗಿಗೆ ವಯಸ್ಸಾಗಿತ್ತು. ಹೋದ ಚಳಿಗಾಲದಲ್ಲಿ ಮೂಡಣ ಗಾಳಿ ಬೀಸಿದಾಗ ಗಡಗಡ ನಡುಗಿ ಮೊಣಕಾಲೂರಿ ಕೂತುಬಿಟ್ಟಿತ್ತು. ಎಬ್ಬಿಸಲು ಊರಿಗೆ ಊರೇ ಬರಬೇಕಾಯಿತು.

“ಈ ಸಲ ಕೂತ್ರ ಏಳೂದಿಲ್ರಿ,” ಅಂದ ಆನೆ ವೈದ್ಯ. “ಎಳ್ಳಮಾಸಿಗೆ ಗಾಳಿ ತಿರುಗ್ತೈತಿ. ಅಷ್ಟರಾಗ ಮೈತುಂಬ ಒಂದು ಹೊದಿಕಿ ಆಗಬೇಕು.”

ಆನೆಗೆ ಹೊದಿಕೆ ಎಲ್ಲಿಂದ ತರೋದು? ರಾಜ ದುಂಡವ್ವನನ್ನು ಕರೆಸಿದ.

ದುಂಡವ್ವ ಕೌದಿ ಹೊಲಿಯುವವಳು. ಹಳೆ ಸೀರೆ, ಹಳೆ ಧೋತರ, ಹರಿದ ಅಂಗಿ, ಎಲ್ಲ ಪದರ ಪದರ ಹಾಸಿ, ಮೇಲೆ ಬಣ್ಣದ ತುಂಡು ಇಟ್ಟು, ಸಾಲು ಸಾಲು ಗೆರೆ ಹಾಕಿ ಹೊಲಿದರೆ ಅದು ಕೌದಿ. ಅವಳ ಸೂಜಿ ಚೂಪು, ನಾಲಿಗೆ ಅದಕ್ಕಿಂತ ಚೂಪು. ಆನೆಯ ಸುತ್ತ ಒಂದು ಸುತ್ತು ಬಂದು ಅಂದಳು:

“ದೊರಿಗಳ, ನಾ ಒಬ್ಬಾಕಿ ಕೂತ್ರ ಈ ಕೌದಿ ಮಲ್ಲಿಗಿ ಮೊಮ್ಮಗಳಿಗೆ ಆಗ್ತೈತ್ರಿ.”

“ಮತ್ತ ಎಷ್ಟು ಮಂದಿ ಬೇಕು?”

“ನಲವತ್ತು ಮಂದಿ ಕೊಡ್ರಿ. ಅಮಾಸಿಗೆ ಹೊದಸ್ತೀನಿ.”

ಪಕ್ಕದಲ್ಲಿ ದಿವಾನ ಚನಮಲ್ಲಪ್ಪ ನಿಂತಿದ್ದ. ಈ ದಿವಾನ ಎಂಥವನೆಂದರೆ, ರಾಜ್ಯದಲ್ಲಿ ಯಾರೇ ಸೀನುವುದಿದ್ದರೂ ತನ್ನನ್ನು ಕೇಳಿ ಸೀನಬೇಕು ಅನ್ನುವಂಥವನು. ತನ್ನನ್ನು ಬಿಟ್ಟು ರಾಜ ನೇರವಾಗಿ ಒಬ್ಬ ಕೌದಿಯವಳ ಜೊತೆ ಮಾತಾಡಿದ್ದು ಅವನಿಗೆ ಮೆಣಸಿನಕಾಯಿ ಕಡಿದ ಹಾಗಾಯಿತು.

“ಬಾಯಿಲೆ ಹೇಳಿದ್ರ ಆತೇನ್ರಿ?” ಅಂದ. “ಅಮಾಸಿಗೆ ಆಗಲಿಲ್ಲಂದ್ರ ಈಕಿ ಬಲಗೈ ಹೆಬ್ಬೆರಳು ತಗೀಬೇಕು. ಹೌದಲ್ರಿ ದೊರಿಗಳ?”

ರಾಜ ಮಲ್ಲಿಗಿಯ ನಡುಗುವ ಕಾಲನ್ನೇ ನೋಡುತ್ತಿದ್ದ. ಏನು ಕೇಳಿಸಿತೋ ಏನೋ, ತಲೆಯಾಡಿಸಿದ. ಆಸ್ಥಾನದಲ್ಲಿ ರಾಜನ ತಲೆ ಆಡಿದರೆ ಮುಗೀತು.

ದುಂಡವ್ವ ತನ್ನ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡಳು. ಸೂಜಿ ದೂಡುವುದು ಅದೇ. ಅವಳ ಮನೆಯ ಒಲೆ ಉರಿಸುತ್ತಿದ್ದದ್ದೂ ಅದೇ.

ಅರಮನೆಯ ಹಿಂದೆ ಗೋಡೆಗೆ ಗೋಡೆ ಅಂಟಿಕೊಂಡ ಮಣ್ಣಿನ ಮನೆಗಳಿದ್ದವು, ಸಾಲಿಗೆ ಸಾಲು ಬೆನ್ನು ಕೊಟ್ಟು ನಿಂತವು. ಅದನ್ನೇ ಕೌದಿ ಓಣಿ ಮಾಡಿದರು. ಮನೆಗೊಬ್ಬ ಹೆಂಗಸು, ಹೆಂಗಸಿಗೊಂದು ತುಂಡು. ಒಬ್ಬಳಿಗೆ ಬೆನ್ನು, ಒಬ್ಬಳಿಗೆ ಕುತ್ತಿಗೆ, ಒಬ್ಬಳಿಗೆ ಬಾಲದ ಬುಡ. ಯಾರಿಗೆ ಯಾವ ಮನೆ ಅಂತ ಹಂಚಿದವನು ದಿವಾನ. ಹಿರಿಯಳಿಗೆ ಮೊದಲ ಮನೆ, ಕಿರಿಯಳಿಗೆ ಕೊನೆ ಮನೆ. ಹಾಗಾಗಿ ಕಿವಿ ಹೊಲಿಯುವವಳ ಪಕ್ಕಕ್ಕೆ ಬಾಲದವಳು ಬಂದಳು. ಎಡ ಹೊಟ್ಟೆ ಒಂದು ತುದಿಗೆ, ಬಲ ಹೊಟ್ಟೆ ಇನ್ನೊಂದು ತುದಿಗೆ.

ಇಲ್ಲೊಂದು ಮಾತು ನೆನಪಿಟ್ಟುಕೊಳ್ಳಿ. ಕುದುರಿಬಾವಿಯಲ್ಲಿ ಕೌದಿಯ ಗೆರೆ ಮುರಿಯಬಾರದು. ಒಬ್ಬಳ ತುಂಡಿನ ಅಂಚಿಗೆ ಬಂದ ಗೆರೆ ಪಕ್ಕದ ತುಂಡಿನಲ್ಲಿ ಅಲ್ಲಿಂದಲೇ ಮುಂದುವರಿಯಬೇಕು. ಇಲ್ಲದಿದ್ದರೆ ಜೋಡಿಸಿದ ಜಾಗ ಜಗ್ಗುತ್ತೆ, ಆನೆ ಒಮ್ಮೆ ಮೈ ಕೊಡವಿದರೆ ಪರ್ರ್ ಅಂತ ಹರಿಯುತ್ತೆ. ಅದಕ್ಕೇ ಒಂದೊಂದು ಸಾಲು ಹೊಲಿದಾಗಲೂ ಗೆರೆ ಎಲ್ಲಿ ಬಂತು ಅಂತ ಒಂದು ದಾರಕ್ಕೆ ಗಂಟು ಹಾಕಿ ಅಕ್ಕಪಕ್ಕದ ತುಂಡಿನವಳಿಗೆ ಕಳಿಸಬೇಕು. ಅವಳ ದಾರ ಇವಳಿಗೆ ಬರಬೇಕು. ಆಮೇಲೆ ಮುಂದಿನ ಸಾಲು.

ದಿವಾನ ಓಣಿಯ ನಡುವೆ ಒಂದು ಚಪ್ಪರ ಹಾಕಿಸಿ, ಗಾದಿ ಹಾಸಿ ಕೂತ.

“ಯಾವ ದಾರ ಆದ್ರೂ ನನ್ನ ಕೈಯಾಗ ಬರಬೇಕು. ನಾ ನೋಡಬೇಕು. ಅರಗಿನ ಮುದ್ರಿ ಒತ್ತಬೇಕು. ಆಮ್ಯಾಲೆ ಮುಂದ ಹೋಗಬೇಕು.”

ಮೊದಲು ನಾಲ್ವರು ಶುರು ಮಾಡಿದರು. ಚೆನ್ನಾಗಿಯೇ ನಡೆಯಿತು. ಇಪ್ಪತ್ತು ಮಂದಿ ಕೂತರು ನೋಡಿ, ಚಪ್ಪರದ ತುಂಬ ದಾರವೋ ದಾರ. ಆಳುಗಳು ದಾರ ಹಿಡಿದು ಸಾಲು ನಿಂತರು. ದಿವಾನ ಒಂದು ನೋಡುತ್ತಿದ್ದ, ಮುದ್ರೆ ಒತ್ತುತ್ತಿದ್ದ, ಎಲೆ ಅಡಿಕೆ ಹಾಕುತ್ತಿದ್ದ, ಇನ್ನೊಂದು ನೋಡುತ್ತಿದ್ದ. ಓಣಿಯಲ್ಲಿ ಸೂಜಿಗಳು ಗಾಳಿಯಲ್ಲೇ ನಿಂತವು. ಕಾಶವ್ವ ಕೂತಲ್ಲೇ ಗೊರಕೆ ಹೊಡೆದಳು. ಸಾತವ್ವ ಸೂಜಿಯಲ್ಲೇ ಹಲ್ಲು ಕುಕ್ಕಿಕೊಂಡಳು.

ರಾಜ ಬಂದು ಕೇಳಿದ: “ಯಾಕ ಮುಂದ ಹೋಗವಲ್ದು?”

“ಕೈ ಕಡಿಮಿ ಬಿದ್ದಾವ್ರಿ,” ಅಂದ ದಿವಾನ.

ರಾಜ ಉಳಿದ ಹೆಂಗಸರನ್ನೂ ಕಳಿಸಿ ನಲವತ್ತು ಮಾಡಿದ. ಕೆಲಸ ಇನ್ನಷ್ಟು ನಿಧಾನವಾಯಿತು. ಮೊದಲು ಅರ್ಧ ದಿನಕ್ಕೆ ಬರುತ್ತಿದ್ದ ದಾರ ಈಗ ಮರುದಿನ ಬರತೊಡಗಿತು.

ದುಂಡವ್ವ ಚಪ್ಪರದ ಮುಂದೆ ಹೋಗಿ ನಿಂತಳು.

“ಸಾಹೇಬ್ರ, ಹೊಲಿಯೋ ಕೈ ನಲವತ್ತು ಅದಾವು. ದಾಟೋ ಬಾಗಲ ಒಂದ ಐತಿ. ಆ ಬಾಗಲದಾಗ ನೀವು ಚಕ್ಕಳಮಕ್ಕಳ ಹಾಕ್ಕೊಂಡು ಕುಂತೀರಿ.”

“ಬಾಗಲದಾಗ ಕುಂದ್ರೂದು ಬ್ಯಾಡೇನು? ಆತು,” ಅಂದ ದಿವಾನ. “ಇನ್ನ ಮ್ಯಾಲೆ ಮನಿಯಿಂದ ಮನಿಗೆ ನೀವ ದಾಟಿಸ್ಕೋರಿ. ಆದ್ರ ಬಲಕ್ಕ ಮಾತ್ರ. ಎಡಕ್ಕ ಕೊಡೂದು ಅಪಶಕುನ. ಆನಿ ಜೀವದ ಮಾತು, ಗೊತ್ತೈತಲ್ಲ?”

ಬಲಕ್ಕೆ ಕೊಡುವುದೇ ಶುಭ ಅನ್ನೋದನ್ನು ಆ ರಾಜ್ಯದಲ್ಲಿ ಯಾರೂ ಅಲ್ಲಗಳೆಯುವಂತಿರಲಿಲ್ಲ. ಅಲ್ಲಿ ಅರಿಶಿನ ಕುಂಕುಮವೂ ಬಲಕ್ಕೇ, ಪಂಕ್ತಿಯಲ್ಲಿ ಪಲ್ಯವೂ ಬಲಕ್ಕೇ. ಹೆಂಗಸರೂ ಹೂಂ ಅಂದರು.

ದುಂಡವ್ವನ ಎಡಗಡೆ ಮನೆ ಹುಸೇನಬಿಯದು. ಅದೃಷ್ಟಕ್ಕೆ ಅವರಿಬ್ಬರ ತುಂಡೂ ಅಕ್ಕಪಕ್ಕದವೇ. ದುಂಡವ್ವನದು ಬೆನ್ನು, ಹುಸೇನಬಿಯದು ಪಕ್ಕೆ. ನಡುವೆ ಒಂದೇ ಗೋಡೆ. ಅವಳು ಕೆಮ್ಮಿದರೆ ಇವಳಿಗೆ ಕೇಳುತ್ತಿತ್ತು. ಆದರೆ ದುಂಡವ್ವನ ದಾರ ಬಲಕ್ಕೆ ಹೊರಟು, ಇಡೀ ಓಣಿ ಸುತ್ತಿ, ಎಲ್ಲರ ಮನೆಯ ಒಗ್ಗರಣೆ ವಾಸನೆ ಹೊತ್ತು ಹುಸೇನಬಿಗೆ ಮುಟ್ಟಬೇಕಿತ್ತು.

“ದುಂಡಕ್ಕಾ, ನಿನ್ನ ದಾರ ಇನ್ನೂ ಬರಲಿಲ್ಲಬೇ!” ಅಂತ ಹುಸೇನಬಿ ಗೋಡೆಯಾಚೆಯಿಂದ ಕೂಗಿದಳು.

“ಬರಾಕತ್ತೈತಿ ತಡಿಯವ್ವಾ,” ಅಂದಳು ದುಂಡವ್ವ. “ಈಗ ಬೀಗರ ಮನಿ ದಾಟಿರಬೇಕು. ಊಟ ಮಾಡಿ ಬರ್ತೈತಿ.”

ಅದೂ ಹೇಗೋ ನಡೆಯುತ್ತಿತ್ತೇನೋ. ಆದರೆ ತುಂಬು ಬಸುರಿ ಸಾತವ್ವನಿಗೆ ನೋವು ಕಾಣಿಸಿಕೊಂಡು ಅವಳ ಮನೆ ಬಾಗಿಲು ಮುಚ್ಚಿತು. ಒಂದು ಮನೆ ಮುಚ್ಚಿದ್ದೇ ತಡ, ಓಣಿಗೆ ಓಣಿಯೇ ನಿಂತಿತು. ದಾರಗಳೆಲ್ಲ ಅವಳ ಹೊಸ್ತಿಲಲ್ಲಿ ಗುಡ್ಡೆ ಬಿದ್ದವು.

ಈಗ ಹೆಂಗಸರಿಗೇ ಸಿಟ್ಟು ಬಂತು. ಕಾಶವ್ವ ಸೊಂಟಕ್ಕೆ ಸೆರಗು ಬಿಗಿದು ಹೋದಳು.

“ಯಾರ ಮನಿಯಿಂದ ಯಾರ ಮನಿಗೆ ಬೇಕಾದ್ರೂ ನೇರ ಹಗ್ಗ ಕಟ್ಟಿಸಿಕೊಡ್ರಿ! ಹಗ್ಗದ ಮ್ಯಾಲೆ ದಾರ ಜಾರಿಸ್ತೀವಿ. ಯಾರ ಗೊಡವಿನೂ ಬ್ಯಾಡ!”

ದಿವಾನ ಮೀಸೆಯಡಿ ನಕ್ಕ. “ಕಟ್ರಿ ಕಟ್ರಿ. ನಾನ ನಿಂತು ಕಟ್ಟಸ್ತೀನಿ.”

ನೀವೇ ಯೋಚನೆ ಮಾಡಿ. ಒಂದೊಂದು ಬಾಗಿಲಿನಿಂದ ಉಳಿದ ಎಲ್ಲ ಬಾಗಿಲಿಗೂ ಒಂದೊಂದು ಹಗ್ಗ! ಓಣಿಯ ಮೇಲೆ ಬಿಸಿಲೇ ಬೀಳಲಿಲ್ಲ. ಮೇಕೆ ಸಿಕ್ಕಿಕೊಂಡು ಅರಚಿತು. ನೀರು ತರುವವಳ ಕೊಡ ಹಗ್ಗಕ್ಕೆ ತಾಗಿ ಒಡೆಯಿತು. ಹಗ್ಗ ಹೊಸೆದದ್ದು ಯಾವುದರಿಂದ? ಕೌದಿಗೆ ಇಟ್ಟಿದ್ದ ದಾರದಿಂದಲೇ! ಅರ್ಧ ದಾರ ಹಗ್ಗಕ್ಕೇ ತೀರಿತು. ಕಟ್ಟಿದ ಹಗ್ಗದಲ್ಲಿ ಬಹಳಷ್ಟರ ಮೇಲೆ ಕಾಗೆ ಕೂತದ್ದು ಬಿಟ್ಟರೆ ಬೇರೇನೂ ಹೋಗಲಿಲ್ಲ.

ದಿವಾನ ರಾಜನನ್ನು ಕರೆತಂದು ತೋರಿಸಿದ. “ನೋಡಿದ್ರ್ಯಾ? ನನ್ನ ಬಿಟ್ಟು ಮಾಡಾಕ ಹ್ವಾದ್ರು, ಹಿಂಗಾತು. ಇನ್ನ ಮ್ಯಾಲೆ ಮತ್ತ ಚಪ್ಪರ, ಮತ್ತ ಮುದ್ರಿ.” ಆಮೇಲೆ ದುಂಡವ್ವನ ಕೈ ನೋಡಿ, “ಹೆಬ್ಬೆರಳು ಚಂದ ಐತಿ,” ಅಂದ.

ಹಗ್ಗಗಳನ್ನು ಬಿಚ್ಚಿದರು. ಎಳ್ಳಮಾವಾಸ್ಯೆ ಹತ್ತಿರ ಬಂತು. ಮಲ್ಲಿಗಿಗೆ ಆಗಲೇ ಬೆಳಗಿನ ಹೊತ್ತು ಮೈ ನಡುಗುತ್ತಿತ್ತು.

ದುಂಡವ್ವ ಅಳಲಿಲ್ಲ. ಅತ್ತರೆ ಕಣ್ಣೊರೆಸಲೂ ಹೆಬ್ಬೆರಳು ಬೇಕಲ್ಲ, ಮೊದಲು ಅದು ಉಳಿಯಲಿ ಅಂದುಕೊಂಡಳು. ಒಲೆಯ ಬೂದಿ ತಂದು ಅಂಗಳದಲ್ಲಿ ಆನೆಯ ಮೈ ಬಿಡಿಸಿದಳು. ಅದರೊಳಗೆ ಒಂದೊಂದು ತುಂಡಿನ ಗೆರೆ ಎಳೆದಳು. ನೋಡುತ್ತಾ ನೋಡುತ್ತಾ ನಗು ಬಂತು.

“ಹುಸೇನಬಿ, ಇಲ್ಲಿ ಬಾರವ್ವಾ. ಬೆನ್ನಿಗೆ ಯಾರ ಜೋಡಿ ಮಾತು?”

“ಪಕ್ಕಿ ಜೋಡಿ. ಕುತ್ತಿಗಿ ಜೋಡಿ. ಸೊಂಟದ ಜೋಡಿ.”

“ಸೊಂಡಿಲಿನ ಜೋಡಿ?”

“ಬೆನ್ನಿಗೂ ಸೊಂಡಿಲಿಗೂ ಏನು ಮಾತಬೇ?”

“ಹಂಗಾರ ನಲವತ್ತು ಮಂದಿಗೂ ನಲವತ್ತು ಮಂದಿ ಜೋಡಿ ಮಾತಿಲ್ಲ. ಒಬ್ಬೊಬ್ಬಾಕಿಗೆ ಸುತ್ತಲಿನ ಮೂರು ನಾಕು ಮಂದಿ ಸಾಕು. ಆ ಮೂರು ನಾಕು ಮಂದಿನ್ನ ದೂರ ದೂರ ಕುಂದ್ರಿಸಿ, ನಡುವ ದಿವಾನ ಕುಂತಾನ!”

ಮಧ್ಯಾಹ್ನ ದಿವಾನ ಉಂಡು ಮಲಗಿದ ಹೊತ್ತಿಗೆ ಓಣಿಯಲ್ಲಿ ಮನೆ ಬದಲಾಯಿತು. ಬೆನ್ನಿನವಳ ಪಕ್ಕಕ್ಕೆ ಕುತ್ತಿಗೆಯವಳು, ಅವಳ ಪಕ್ಕಕ್ಕೆ ತಲೆಯವಳು. ಹಿಂದಿನ ಸಾಲಿನಲ್ಲಿ ಪಕ್ಕೆ, ಅದರ ಹಿಂದೆ ಹೊಟ್ಟೆ. ಆನೆಯ ಮೈ ಹೇಗಿತ್ತೋ ಓಣಿಯೂ ಹಾಗೇ ಆಯಿತು. ತಲೆ ಮೇಲೆ ಗಂಟು ಹೊತ್ತು ಇನ್ನೊಂದು ಮನೆಗೆ ಹೋಗಿ ಹೊಂದಿಕೊಳ್ಳೋದು ಹೆಣ್ಣುಮಕ್ಕಳಿಗೆ ಹೊಸದೇನಲ್ಲವಲ್ಲ. ದಿವಾನನಿಗೆ ಗೊತ್ತಾಗಲಿಲ್ಲವೇ ಅಂದರೆ, ಅವನು ನೋಡುತ್ತಿದ್ದದ್ದು ದಾರವನ್ನು, ಯಾರ ಮುಖವನ್ನೂ ಅಲ್ಲ.

ಆಮೇಲೆ ಹಾರೆ ತಗೊಂಡು ನಡುವಿನ ಮಣ್ಣುಗೋಡೆಗಳಿಗೆ ಒಂದೊಂದು ಕಿಂಡಿ ಕೊರೆದರು. ಆಚೆ ಒಂದು, ಈಚೆ ಒಂದು, ಹಿಂದೆ ಒಂದು, ಮುಂದೆ ಒಂದು. ಕೈ ತೂರಿಸಿದರೆ ಪಕ್ಕದವಳ ಕೈ. ದಾರ ಕೊಟ್ಟು ದಾರ ತಗೊಂಡು ಮುಂದಿನ ಸಾಲು. ಬಾಣಂತಿ ಸಾತವ್ವನ ಕಿಂಡಿ ಮುಚ್ಚಿದ್ದರೂ ಯಾರೂ ನಿಲ್ಲಲಿಲ್ಲ. ಅವಳ ಅರ್ಧ ಹೊಲಿದ ತುಂಡನ್ನು ಪಕ್ಕದವಳು ತನ್ನ ತೊಡೆ ಮೇಲೆ ಹಾಕಿಕೊಂಡಳು, ದಾರಗಳು ಬೇರೆ ಕಿಂಡಿಗಳಿಂದ ಬಳಸಿಕೊಂಡು ಹೋದವು.

ಒಂದೇ ಒಂದು ತೊಡಕು ಬಂತು. ಬಾಲದ ಕಡೆ ಕೆಂಪು ಅರಿವೆ ಮುಗಿಯಿತು. ತಲೆಯ ಕಡೆ ರಾಶಿ ಬಿದ್ದಿತ್ತು. ಕಿಂಡಿಯಿಂದ ಕಿಂಡಿಗೆ ಸುದ್ದಿ ಹೋಗಿ, ಕಿಂಡಿಯಿಂದ ಕಿಂಡಿಗೆ ಅರಿವೆ ಬರುವಷ್ಟರಲ್ಲಿ ಸಂಜೆಯಾಯಿತು. ಆಗ ದುಂಡವ್ವ ಓಣಿಯ ದೂರದ ಮೂಲೆಗಳ ನಡುವೆ ಮಾಡಿನ ಮೇಲಿಂದ, ಬಟ್ಟೆ ಒಣಹಾಕಲು ಅನ್ನುವ ಹಾಗೆ, ಬೆರಳೆಣಿಕೆಯ ಉದ್ದ ಹಗ್ಗ ಕಟ್ಟಿಸಿದಳು. ದೂರದ ಸುದ್ದಿಗೆ ಅದು, ಪಕ್ಕದ ಸುದ್ದಿಗೆ ಕಿಂಡಿ. ಮೇಕೆಗೂ ಓಡಾಡಲು ಜಾಗ ಉಳಿಯಿತು.

ಹಾಗಾದರೆ ಚಪ್ಪರದಲ್ಲಿದ್ದ ದಿವಾನ? ದಾರ ಬರದಿದ್ದರೆ ಅವನು ಎದ್ದು ಓಣಿಗೆ ಬರುತ್ತಾನೆ. ಬಂದರೆ ಕಿಂಡಿ ಕಾಣುತ್ತಾನೆ. ದುಂಡವ್ವ ಅದಕ್ಕೂ ಒಂದು ದಾರಿ ಹುಡುಕಿದಳು.

“ಎಲ್ಲಾರೂ ಕೇಳ್ರಬೇ. ದಿವಾನ್ ಸಾಹೇಬ್ರು ಖಾಲಿ ಕುಂದ್ರಬಾರದು, ಪಾಪ. ದಿನಾ ದಾರ ಕಳಿಸ್ರಿ. ಏನರ ಒಂದು ಗಂಟು ಹಾಕ್ರಿ.”

ಹುಸೇನಬಿ ತಾನು ತಟ್ಟಿದ ರೊಟ್ಟಿಗೊಂದು ಗಂಟು ಹಾಕಿ ಕಳಿಸಿದಳು. ಸಾತವ್ವ ಕೂಸು ಅತ್ತಾಗಲೆಲ್ಲ ಒಂದು ಗಂಟು ಹಾಕಿದಳು. ಚಪ್ಪರಕ್ಕೆ ಹತ್ತಿರದ ಮನೆಯ ಕಾಶವ್ವನಂತೂ ದಿವಾನ ಸೀನಿದಾಗಲೆಲ್ಲ ಒಂದು ಗಂಟು ಹಾಕಿ ಅವನಿಗೇ ಕಳಿಸಿದಳು. ದಿವಾನ ಒಂದೊಂದನ್ನೂ ಬಿಸಿಲಿಗೆ ಹಿಡಿದು ನೋಡಿದ. ಹೂಂ ಅಂದ. ಮುದ್ರೆ ಒತ್ತಿದ. ಮುದ್ರೆ ಬಿದ್ದ ದಾರವನ್ನು ಆಳುಗಳು ಓಣಿಗೆ ತಂದುಕೊಟ್ಟರೆ, “ನೋಡಿ ಆತ್ರಿ, ಸಾಹೇಬ್ರ ಕಡೆನ ಇರಲಿ, ಜ್ವಾಪಾನ,” ಅಂತ ಹೆಂಗಸರು ವಾಪಸು ಕಳಿಸಿದರು. ತನಗಿಷ್ಟು ಗೌರವ ಕೊಟ್ಟರಲ್ಲ ಅಂತ ದಿವಾನ ಅವನ್ನೆಲ್ಲ ಒಂದು ಚೀಲಕ್ಕೆ ತುಂಬಿಸಿಟ್ಟ.

ಎಳ್ಳಮಾವಾಸ್ಯೆಯ ಬೆಳಗ್ಗೆ ಮೂಡಣ ಗಾಳಿ ಸುಯ್ ಅಂತ ಎದ್ದಿತು. ಮಲ್ಲಿಗಿಯ ಮೊಣಕಾಲು ಬಾಗತೊಡಗಿತು. ಅಷ್ಟರಲ್ಲಿ ನಲವತ್ತು ಹೆಂಗಸರು ರಾತ್ರಿಯೆಲ್ಲ ತುಂಡು ಜೋಡಿಸಿ ಮಡಿಸಿದ ಕೌದಿಯನ್ನು ಹೆಗಲ ಮೇಲೆ ಹೊತ್ತು ಬಂದರು. ಆ ಊರಿನಲ್ಲಿ ಕೌದಿಯ ಕೊನೆ ಮೂಲೆ ಮುಚ್ಚುವ ಮುಂಚೆ ಅದರ ಹೊಟ್ಟೆಗೆ ಒಂದು ಚೂರು ಹೋಳಿಗೆ ಇಡೋದು ವಾಡಿಕೆ, ಕೌದಿ ಹಸಿದಿರಬಾರದು ಅಂತ. ಹೋಳಿಗೆ ಇಟ್ಟರು, ಮೂಲೆ ಹೊಲಿದರು, ಏಣಿ ಹಾಕಿ ಹೊದಿಸಿದರು. ಮಲ್ಲಿಗಿ ಒಮ್ಮೆ ಜೋರಾಗಿ ಮೈ ಕೊಡವಿತು. ಒಂದು ಗೆರೆಯೂ ಬಿಡಲಿಲ್ಲ. ಬಾಗಿದ್ದ ಮೊಣಕಾಲು ಮೆಲ್ಲಗೆ ನೆಟ್ಟಗಾಯಿತು.

ರಾಜ ಮಲ್ಲಿಗಿಯ ಸೊಂಡಿಲಿಗೆ ಹಣೆ ಹಚ್ಚಿ ನಿಂತ. ಆಮೇಲೆ ಕೇಳಿದ: “ಯಾರು ಮಾಡಿದ್ರು ಇದನ್ನ?”

ದಿವಾನ ಮುಂದೆ ಬಂದ. “ನಾನ್ರಿ. ಒಂದೊಂದು ದಾರನೂ ನನ್ನ ಕೈಯಾಗ ಹಾದೈತಿ. ಬೇಕಾದ್ರ ಚೀಲ ನೋಡ್ರಿ. ಈಕಿ ಏನು ಮಾಡ್ಯಾಳ? ಅರಮನಿ ಗ್ವಾಡಿಗೆ ತೂತು ಕೊರದಾಳ. ಇವತ್ತ ಮುಂಜಾನೆ ಕಂಡೇನಿ. ಹೆಬ್ಬೆರಳು ತಗೀಲೇಬೇಕ್ರಿ.”

ರಾಜ ದುಂಡವ್ವನ ಕಡೆ ತಿರುಗಿದ. “ಹೌದೇನವ್ವಾ?”

“ತೂತು ಕೊರದದ್ದು ಖರೇನ್ರಿ,” ಅಂದಳು ದುಂಡವ್ವ. ಬಲಗೈ ಮುಂದೆ ಚಾಚಿದಳು. “ಆದ್ರ ಒಂದು ಮಾತು, ದೊರಿಗಳ. ಆ ಚೀಲದಾಗಿನ ದಾರ ತಗದು ಕೌದಿ ಅಂಚಿಗೆ ಹಿಡೀರಿ. ಗಂಟು ಗೆರಿಗೆ ಕೂಡಿದ್ರ ಕೌದಿ ಸಾಹೇಬ್ರದು, ಬೆರಳೂ ಸಾಹೇಬ್ರದು.”

ರಾಜ ಒಂದು ದಾರ ತೆಗೆದು ಬೆನ್ನಿನ ಅಂಚಿಗೆ ಹಿಡಿದ. ಕೂಡಲಿಲ್ಲ.

“ಅದು ನಾ ಮಂಗಳವಾರ ತಟ್ಟಿದ ರೊಟ್ಟೀರಿ,” ಅಂದಳು ಹುಸೇನಬಿ.

ಇನ್ನೊಂದು ತೆಗೆದು ಹೊಟ್ಟೆಯ ಅಂಚಿಗೆ ಹಿಡಿದ. ಕೂಡಲಿಲ್ಲ.

“ಅದು ನನ್ನ ಕೂಸು ಅತ್ತದ್ದು,” ಅಂದಳು ಸಾತವ್ವ, ಕೂಸನ್ನು ತೋರಿಸಿ.

ಮತ್ತೊಂದು ತೆಗೆದು ಕಿವಿಯ ಅಂಚಿಗೆ ಹಿಡಿದ. ಅದೂ ಕೂಡಲಿಲ್ಲ. ಯಾರದಪ್ಪ ಇದು ಅಂತ ನೋಡುವಷ್ಟರಲ್ಲಿ ಚಳಿಗೆ ದಿವಾನ “ಹಾಕ್ಷೀ!” ಅಂದ.

“ಹಾಂ, ಅದ್ರಿ ಅದು!” ಅಂದಳು ಕಾಶವ್ವ. “ಇನ್ನೊಂದು ಗಂಟು ಹಾಕ್ಕೋರಿ ಸಾಹೇಬ್ರ, ಮುದ್ರಿ ಒತ್ರಿ!”

ಅಂಗಳಕ್ಕೆ ಅಂಗಳವೇ ನಕ್ಕಿತು. ರಾಜನೂ ನಕ್ಕ. ನಕ್ಕು ಮುಗಿದ ಮೇಲೆ ಅವನ ಮುಖ ಗಂಟಿಕ್ಕಿತು. “ನೀ ಇಲ್ಲದಾಗ ಕೆಲಸ ಆತು. ನೀ ಇದ್ದಾಗ ನನ್ನ ಮಲ್ಲಿಗಿ ಸಾಯ್ತಿದ್ಲು. ಹೆಬ್ಬೆರಳಿನ ಮಾತು ತಗದವ ನೀನ. ಮುಂದ ತಾ ಕೈ.”

ದಿವಾನ ಎರಡೂ ಕೈ ಬೆನ್ನ ಹಿಂದೆ ಮಾಡಿಕೊಂಡ.

ದುಂಡವ್ವ ನಡುವೆ ಬಂದಳು.

“ಬ್ಯಾಡ್ರಿ, ದೊರಿಗಳ. ಕೌದಿ ದಾರೆಲ್ಲಾ ತೀರೈತಿ. ಆ ಚೀಲದಾಗಿನ ದಾರ ಒಳ್ಳೇದೈತಿ, ಗಂಟು ಬಿಚ್ಚಿದ್ರ ಸಾತವ್ವನ ಕೂಸಿಗೊಂದು ಕೌದಿ ಆಗ್ತೈತಿ. ಗಂಟು ಬಿಚ್ಚಾಕ ಸಾಹೇಬ್ರಿಗೆ ಹೆಬ್ಬೆರಳು ಬೇಕಲ್ರಿ?”

ದಿವಾನ ಚಪ್ಪರದಲ್ಲಿ ಕೂತು ಗಂಟು ಬಿಚ್ಚಿದ. ಬಿಗಿಯಾಗಿ ಮುದ್ರೆ ಒತ್ತಿದವನೂ ಅವನೇ, ಉಗುರಿನಿಂದ ಅರಗು ಕೆರೆದವನೂ ಅವನೇ. ಕೂಸು ಅಂಬೆಗಾಲಿಡುವ ಹೊತ್ತಿಗೆ ಮುಗಿಸಿದನಂತೆ.

ಈಗ ಒಗಟು ಬಿಡಿಸಿದಂತಾಯಿತಲ್ಲ? ನಲವತ್ತು ಮಂದಿ ಕೂತಾಗ ಬೆಳೆಯೋದು ನಿಲ್ಲಿಸಿದ್ದು ಮಲ್ಲಿಗಿಯ ಕೌದಿ. ಕಂಪ್ಯೂಟರಿನ ಮಾತೂ ಇದೇ. ದೊಡ್ಡ ಕಂಪ್ಯೂಟರಿನೊಳಗೆ ಇರೋದು ಒಂದೇ ಮಿದುಳಲ್ಲ, ಸಾವಿರಾರು ಪುಟ್ಟ ಮಿದುಳುಗಳು. ನಾಳೆ ಮಳೆ ಎಲ್ಲಿ ಬರುತ್ತೆ ಅನ್ನೋ ಲೆಕ್ಕವನ್ನು ತುಂಡು ತುಂಡು ಮಾಡಿ ಹಂಚಿಕೊಂಡು ಕೂತಿರುತ್ತವೆ. ಒಂದೊಂದು ತುಂಡಿಗೂ ಪಕ್ಕದ ತುಂಡಿನ ಸುದ್ದಿ ಬೇಕು. ಎಲ್ಲ ಸುದ್ದಿಯೂ ಒಂದೇ ಬಾಗಿಲಲ್ಲಿ ನುಗ್ಗಿದರೆ ಮಿದುಳುಗಳು ಸುಮ್ಮನೆ ಕಾಯುತ್ತವೆ. ಉಂಗುರದ ಹಾಗೆ ಸುತ್ತಿದರೆ ತಡವಾಗುತ್ತೆ, ಒಂದು ಕೆಟ್ಟರೆ ಎಲ್ಲವೂ ನಿಲ್ಲುತ್ತೆ. ಎಲ್ಲದಕ್ಕೂ ಎಲ್ಲದರಿಂದ ತಂತಿ ಎಳೆದರೆ ಪೆಟ್ಟಿಗೆಯಲ್ಲಿ ತಂತಿ ಬಿಟ್ಟು ಬೇರೇನೂ ಹಿಡಿಸುವುದಿಲ್ಲ. ಅದಕ್ಕೇ ಹೇಳೋದು, ಕೈ ಹೆಚ್ಚಿಸುವ ಮುಂಚೆ ದಾರಿ ನೋಡಿ. ಯಾರಿಗೆ ಯಾರ ಜೊತೆ ಮಾತಿದೆಯೋ ಅವರನ್ನು ಹತ್ತಿರ ಕೂರಿಸಿ. ದೂರಕ್ಕೆ ನಾಲ್ಕು ಹಗ್ಗ ಕಟ್ಟಿ. ನಡುದಾರಿಯಲ್ಲಿ ಗಾದಿ ಹಾಸಬೇಡಿ. ಇದೇ ನೀತಿ.

ಇನ್ನೊಂದು ವಿಷಯ. ಈ ಕಥೆ ನನಗೆ ಹೇಳಿದವರು ಮಲ್ಲಿಗಿಗೆ ಕೌದಿ ಹೊದಿಸುವವರೆಗೆ ಹೇಳಿ, ಎಮ್ಮೆ ಹಾಲು ಕರೆಯೋಕೆ ಎದ್ದು ಹೋದರು. ಆಮೇಲೆ ಹೇಳಲೇ ಇಲ್ಲ. ಚೀಲದ ದಾರ ಹಿಡಿದು ನೋಡಿದ್ದು, ಸೀನಿದ್ದು, ಗಂಟು ಬಿಚ್ಚಿದ್ದು, ಅದೆಲ್ಲ ನಾನೇ ಕಟ್ಟಿದ್ದು. ನಿಜಕ್ಕೂ ಏನಾಯಿತೋ ಗೊತ್ತಿಲ್ಲ. ದುಂಡವ್ವನ ಹೆಬ್ಬೆರಳು ಉಳಿಯಬೇಕಿತ್ತು, ಉಳಿಸಿದೆ. ಉಂಡಿ ಮಾತ್ರ ಉಳಿದಿಲ್ಲ, ನೀವು ಕಥೆ ಕೇಳುತ್ತಿದ್ದಾಗ ತಿಂದುಬಿಟ್ಟೆ.